ಬದುಕಿರುವವರ ಮರಣಪತ್ರ

'ತಿಥಿ' ಎಂಬ ಕನ್ನಡ ಚಿತ್ರವನ್ನು ನಮ್ಮ ಓದುಗರಲ್ಲಿ ಕೆಲವರಾದರೂ ನೋಡಿರಬಹುದು. ರಾಮ್ ರೆಡ್ಡಿಯವರು ನಿರ್ದೇಶಿಸಿ, ಈರೇಗೌಡರೊಡನೆ ಸೇರಿ ಬರೆದ ಈ ಚಿತ್ರವು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಂದಿತು. ಮಂಡ್ಯ ಸೀಮೆಯ ಹಳ್ಳಿಗರೇ ಅದರ ನಟರು. ಧಾರ್ಮಿಕ ಬರಹಗಳ ನಡುವೆ ಸಿನಿಮಾದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಅದರಲ್ಲಿ ಕುಡಿತವಿದೆ, ಬೈಗುಳವಿದೆ; ಮಕ್ಕಳನ್ನು ಕೂರಿಸಿಕೊಂಡು ನೋಡಿರೆಂದು ನಾನು ಹೇಳಲಾರೆ. ಆದರೆ ಒಂದು ಕುಟುಂಬವು ಹೇಗೆ ಒಳಗಿನಿಂದ ಒಡೆಯುತ್ತದೆ ಎಂಬುದನ್ನು ಅಷ್ಟು ನಿಷ್ಠುರವಾಗಿ, ಅಷ್ಟು ನಗಿಸುತ್ತಾ ಹೇಳಿದ ಕೃತಿಗಳು ನಮ್ಮ ಭಾಷೆಯಲ್ಲಿ ವಿರಳ.

ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನ ಊರಿಗೆಲ್ಲ ತಿಥಿಯೂಟ ಹಾಕಬೇಕು. ಮಗ ಗಡ್ಡಪ್ಪನಿಗೆ ತಂದೆಯ ಸಾವು ತಟ್ಟುವುದೇ ಇಲ್ಲ. ಅವನು ಹೊಲಗದ್ದೆಗಳಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುತ್ತಿರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಬೇಕಾದದ್ದು ಅಜ್ಜನ ಹೆಸರಿನಲ್ಲಿರುವ ಐದು ಎಕರೆ ಜಮೀನು. ಮರಿಮಗ ಅಭಿಯ ಕಣ್ಣು ಕುರಿಗಾಹಿ ಹುಡುಗಿಯ ಮೇಲೆ. ಜಮೀನು ಚಿಕ್ಕಪ್ಪಂದಿರ ಪಾಲಾಗುವುದೆಂಬ ಭಯದಿಂದ ತಮ್ಮಣ್ಣ ಒಂದು ಉಪಾಯ ಹೂಡುತ್ತಾನೆ: ಬದುಕಿರುವ ತಂದೆ ಸತ್ತಿದ್ದಾನೆಂದು ಮರಣಪತ್ರ ಮಾಡಿಸುವುದು, ಗುಟ್ಟು ಬಯಲಾಗದಂತೆ ಕೈಗೆ ಹಣವಿತ್ತು ಅವನನ್ನು ದೂರದ ಯಾತ್ರೆಗೆ ಕಳುಹಿಸುವುದು. ಅದಕ್ಕಾಗಿ ಸಾಲ, ಅದಕ್ಕಾಗಿ ಲಂಚ. ಗಡ್ಡಪ್ಪನಾದರೋ ಯಾತ್ರೆಗೆ ಹೋಗದೆ ಕುರಿಗಾಹಿಗಳ ಬಿಡಾರದಲ್ಲಿ ಉಳಿಯುತ್ತಾನೆ. ಒಂದು ರಾತ್ರಿ ಬೆಂಕಿಯ ಮುಂದೆ ಕುಳಿತು ತನ್ನ ಮನೆಯ ಹಳೆಯ ಗಾಯವನ್ನು ಆ ಅಪರಿಚಿತರ ಮುಂದೆ ಬಿಚ್ಚುತ್ತಾನೆ. ಅದನ್ನು ಇಲ್ಲಿ ವಿವರಿಸಲು ಸಂಕೋಚವಾಗುತ್ತದೆ. ಇಷ್ಟು ಹೇಳಿದರೆ ಸಾಕು: ಅವನು ತಂದೆಗಾಗಿ ಅಳದಿರಲು ಕಾರಣವಿತ್ತು. ಸ್ವಂತ ಮಗನೇ ಆ ಕಾರಣವನ್ನು ಎಂದೂ ಕೇಳಿರಲಿಲ್ಲ.

ಮದ್ರಸದಲ್ಲಿ ನಾನು ಕಲಿತ ಶಾಸ್ತ್ರಗಳಲ್ಲಿ 'ಫರಾಇಝ್' ಒಂದು, ಅಂದರೆ ವಾರೀಸು ಹಂಚಿಕೆಯ ಲೆಕ್ಕ. ಚಿತ್ರ ನೋಡುತ್ತಿದ್ದಾಗ ನನ್ನ ಮನಸ್ಸು ಆ ಲೆಕ್ಕದ ಕಡೆಗೇ ಹರಿಯಿತು. ಇಸ್ಲಾಮೀ ನಿಯಮದಂತೆ ಹುಟ್ಟಿನಿಂದಲೇ ಬರುವ ಹಕ್ಕೆಂಬುದಿಲ್ಲ. ಆಸ್ತಿಯ ಒಡೆಯನು ಕಣ್ಣು ಮುಚ್ಚಿದ ಬಳಿಕವೇ ವಾರೀಸು. ಮಗ ಬದುಕಿರುವಾಗ ಅಜ್ಜನ ಆಸ್ತಿಯಲ್ಲಿ ಮೊಮ್ಮಗನಿಗೆ ಪಾಲಿಲ್ಲ. ಮೊದಲು ದಫನಿನ ವೆಚ್ಚ, ಅನಂತರ ಮೃತರ ಸಾಲ, ಆಮೇಲೆ ಮೂರನೆಯ ಒಂದು ಭಾಗವನ್ನು ಮೀರದ ವಸಿಯ್ಯತ್, ಕೊನೆಗೆ ಪಾಲು. ಈ ಪಾಲುಗಳನ್ನು ಹಿರಿಯರ ಮರ್ಜಿಗೂ ಊರಿನ ಪಂಚಾಯಿತಿಗೂ ಬಿಡದೆ ಸೂರಃ ಅನ್ನಿಸಾದ 11, 12 ಮತ್ತು 176ನೆಯ ವಚನಗಳಲ್ಲಿ ಅಲ್ಲಾಹನೇ ನಿಗದಿಪಡಿಸಿದ್ದಾನೆ. ಮನುಷ್ಯನ ಕೈಗೆ ಕೊಟ್ಟರೆ ಏನಾಗುವುದೆಂಬುದು ಆ ಸರ್ವಜ್ಞನಿಗೆ ತಿಳಿಯದೇ?

ಹಾಗೆಂದು ತಮ್ಮಣ್ಣನನ್ನು ನೋಡಿ ನಕ್ಕು, ನಮ್ಮಲ್ಲಿ ಹೀಗಿಲ್ಲವೆಂದು ಎದ್ದುಬಿಡಲು ನಮಗೆ ಅರ್ಹತೆಯಿದೆಯೇ? ಬದುಕಿರುವವರಿಗೆ ಮರಣಪತ್ರ ಬರೆಯುವ ಕಲೆ ನಮಗೂ ಬರುತ್ತದೆ. ಆ ಪತ್ರದ ಮೇಲೆ ಸಾಮಾನ್ಯವಾಗಿ ಇರುವುದು ಮನೆಯ ಹೆಣ್ಣುಮಗಳ ಹೆಸರು. 'ನನಗೆ ಏನೂ ಬೇಡ' ಎಂದು ಅವಳಿಂದ ಸಹಿ ಹಾಕಿಸಿಕೊಂಡ ದಿನ, ತಂದೆಯ ಮನೆಯ ಮಟ್ಟಿಗೆ ಅವಳು ಇಲ್ಲವಾಗುತ್ತಾಳೆ.

ನನ್ನ ತಂದೆ ತೀರಿಕೊಂಡು ಎರಡು ವರ್ಷವಾಯಿತು. ನಂದಿನಿ ಲೇಔಟಿನಲ್ಲಿ ಅವರು ಜೀವಮಾನದ ದುಡಿಮೆಯಿಂದ ಕಟ್ಟಿದ ಒಂದು ಮನೆ. ಅಮ್ಮ, ನಾವಿಬ್ಬರು ಗಂಡುಮಕ್ಕಳು, ಒಬ್ಬಳು ತಂಗಿ. ಬಂಧುಗಳಲ್ಲಿ ಹಿರಿಯರೊಬ್ಬರು, 'ತಂಗಿ ಅನುಕೂಲಸ್ಥಳು, ಸಹಿ ಹಾಕಿಸಿಕೊಂಡು ಮುಗಿಸಿ' ಎಂದರು. ಅಣ್ಣನಿಗೂ ಅದು ಸರಿಯೆನಿಸಿತು. ಮದುವೆಯಲ್ಲಿ ಅವಳಿಗೆ ಚಿನ್ನ ಕೊಟ್ಟಾಗಿದೆ ಎಂಬುದು ಅವನ ವಾದ. ನಾನು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. ಆಸ್ತಿಯನ್ನು ನಲವತ್ತು ಭಾಗ ಮಾಡಿದರೆ ಅಮ್ಮನಿಗೆ ಎಂಟನೆಯ ಒಂದರಂತೆ ಐದು, ನಮಗಿಬ್ಬರಿಗೆ ಹದಿನಾಲ್ಕು ಹದಿನಾಲ್ಕು, ತಂಗಿಗೆ ಏಳು. ಮದುವೆಯ ಚಿನ್ನ ತಂದೆ ಬದುಕಿದ್ದಾಗ ಕೊಟ್ಟ ಉಡುಗೊರೆ. ಅದು ಈ ಏಳರಲ್ಲಿ ಒಂದನ್ನೂ ಕಡಿಮೆ ಮಾಡದು. ತಂಗಿ ತಲೆ ತಗ್ಗಿಸಿ, 'ಅಣ್ಣಂದಿರ ನಡುವೆ ಜಗಳವಾಗುವುದಾದರೆ ನನಗೆ ಬೇಡ' ಎಂದಳು. ಒಪ್ಪಿಗೆಯೆಂದು ನಾವು ಬರೆಸಿಕೊಳ್ಳುವುದು ಇಂತಹ ಭಯವನ್ನೇ ಅಲ್ಲವೇ? ತಾನು ಮೊದಲು ಪಾಲನ್ನು ಕೈಗೆ ಪಡೆದು, ಆಮೇಲೆ ಮನಸಾರೆ ಹಿಂದಿರುಗಿಸಿದರೆ ಅದು ದಾನ. ಲೆಕ್ಕ ಹೇಳುವ ಮುನ್ನವೇ ಬಾಯಿ ಮುಚ್ಚಿಸಿದರೆ ಅದಕ್ಕೆ ಬೇರೆ ಹೆಸರಿದೆ.

ಅವಳ ಏಳು ಭಾಗ ಅವಳಿಗೆ ಸೇರಿತು. ಆದರೆ ಅಣ್ಣನು ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ.

ನಮ್ಮ ಬಡಾವಣೆಯ ರಿಂಗ್ ರಸ್ತೆಯ ಬದಿಯಲ್ಲಿ ಕಂಠೀರವ ಸ್ಟುಡಿಯೋ ಇದೆ. 2006ರಲ್ಲಿ ಡಾ. ರಾಜ್‌ಕುಮಾರ್, 2017ರಲ್ಲಿ ಅವರ ಪತ್ನಿ ಪಾರ್ವತಮ್ಮ, 2021ರಲ್ಲಿ ಮಗ ಪುನೀತ್ ಅಲ್ಲಿನ ಮಣ್ಣಿಗೆ ಸೇರಿದರು. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಅನಿಸುವುದಿದೆ: ಒಂದೇ ಮನೆಯವರು ಮಣ್ಣಿನೊಳಗೆ ಅಕ್ಕಪಕ್ಕದಲ್ಲಿ ಮಲಗುವುದು ಸುಲಭ; ಮಣ್ಣಿನ ಮೇಲೆ ಒಂದೇ ಚಾಪೆಯಲ್ಲಿ ಕೂರುವುದೇ ಕಠಿಣ.

ಪ್ರವಾದಿ(ಸ)ರವರು ಎರಡು ವಿಷಯಗಳಿಗೆ ಮೂರು ದಿನದ ಮಿತಿ ಹಾಕಿದ್ದಾರೆ. ವಿಧವೆಯ ಇದ್ದತ್ತಿನ ಹೊರತು ಸತ್ತವರಿಗಾಗಿ ಸೂತಕದಂತೆ ಶೋಕಾಚರಣೆ ಮಾಡುವುದು ಮೂರು ದಿನವನ್ನು ಮೀರಬಾರದು. ಹಾಗೆಯೇ ಮುಸ್ಲಿಮನು ತನ್ನ ಸಹೋದರನೊಡನೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡಬಾರದು. ಮೊದಲು ಸಲಾಮ್ ಹೇಳುವವನೇ ಇಬ್ಬರಲ್ಲಿ ಉತ್ತಮನು. ತೀರಿಹೋದ ತಂದೆಗೇ ಮೂರು ದಿನವಾದರೆ, ಬದುಕಿರುವ ಅಣ್ಣನನ್ನು ಸತ್ತವನಂತೆ ಕಾಣಲು ನನಗೆ ಎಷ್ಟು ದಿನದ ಅನುಮತಿಯಿದೆ? ಸಂಬಂಧ ಉಳಿಸುವವರಿಗೆ ಪ್ರತಿಯಾಗಿ ಉಳಿಸುವವನು ನಿಜವಾದ ಬಂಧುವಲ್ಲ, ಕಡಿದವರೊಡನೆ ಮತ್ತೆ ಬೆಸೆಯುವವನೇ ಬಂಧು ಎಂದೂ ಅವರು ಕಲಿಸಿದ್ದಾರೆ. ಸಹೋದರರು ಬಾವಿಗೆ ತಳ್ಳಿದ ಯೂಸುಫ್(ಅ)ರವರ ಕೈಯಲ್ಲಿ ಅಧಿಕಾರವಿದ್ದಾಗ, ಅವರು ಆ ಸಹೋದರರ ಚೀಲಗಳಿಗೆ ಧಾನ್ಯ ತುಂಬಿಸಿ ಕಳುಹಿಸಿದರು.

ಆದುದರಿಂದ ಪ್ರತಿ ಜುಮಾ ನಮಾಝಿನ ಬಳಿಕ ನಾನು ಅಣ್ಣನ ಬಾಗಿಲಿಗೆ ಹೋಗುತ್ತೇನೆ. ಅವನ ಮಗ ಬಾಗಿಲು ತೆರೆಯುತ್ತಾನೆ. ಅತ್ತಿಗೆ ಚಹಾ ಕೊಡುತ್ತಾರೆ. ಅಣ್ಣ ಒಳಕೋಣೆಯಿಂದ ಬರುವುದಿಲ್ಲ. ನಾನು ಕೇಳುವಂತೆ ಸಲಾಮ್ ಹೇಳಿ ಬರುತ್ತೇನೆ. ಪಾಲಿನ ವಿಷಯದಲ್ಲಿ ಹಿಂದೆ ಸರಿಯುವುದು ನನ್ನ ಅಧಿಕಾರದಲ್ಲಿಲ್ಲ. ಸಲಾಮ್ ಹೇಳುವುದು ನನ್ನ ಅಧಿಕಾರದಲ್ಲಿದೆ.

ಪ್ರಿಯ ಓದುಗರೇ, ಹಿರಿಯರು ಆರೋಗ್ಯದಿಂದಿರುವಾಗಲೇ ಮನೆಯವರೆಲ್ಲ ಒಟ್ಟಿಗೆ ಕುಳಿತು ಆ ಮೂರು ವಚನಗಳ ಕನ್ನಡ ಅನುವಾದವನ್ನು ಓದಿರಿ. ಹೆಣ್ಣುಮಕ್ಕಳೂ ಆ ಸಭೆಯಲ್ಲಿರಲಿ. ಸಾಲಗಳನ್ನು ಬರೆದಿಡಿರಿ. ಅದಕ್ಕಿಂತ ಮೊದಲು, ನಿಮ್ಮ ಮನೆಯ ಗಡ್ಡಪ್ಪನಂಥವರ ಬಳಿ ಕುಳಿತು, ಅವರು ಏಕೆ ಮೌನವಾದರೆಂದು ಕೇಳಿರಿ. ಅವರು ತಮ್ಮ ಕಥೆಯನ್ನು ಪರರ ಬೆಂಕಿಯ ಮುಂದೆ ಹೇಳುವಂತಾಗದಿರಲಿ.

ಮುರಿದ ನಂಟುಗಳನ್ನು ಅಲ್ಲಾಹನು ನಮ್ಮ ಆಯುಷ್ಯ ಮುಗಿಯುವ ಮುನ್ನವೇ ಬೆಸೆಯಲಿ. ಆಮೀನ್.