ಆಸ್ಪತ್ರೆಯ ಫೋನು ಯಾರು ಎತ್ತಬೇಕು?



ಈ ಸಲ ಬರೆಯುತ್ತಿರುವುದು ಫೋನಿನ ಬಗ್ಗೆ. ಕೈಯಲ್ಲಿರುವ ಮೊಬೈಲ್ ಅಲ್ಲ, ಆಫೀಸಿನ ಮೇಜಿನ ಮೇಲಿರುವ ಫೋನು. ನಮ್ಮ ಚರ್ಚಿನ ಯುವಜನರಲ್ಲಿ ಹಲವರು ಶಾಲೆ, ಸೊಸೈಟಿ, ಆಸ್ಪತ್ರೆಗಳ ಆಫೀಸಿನಲ್ಲಿ ಇದ್ದಾರೆ. "ನೀನು ಬಿಎಸ್ಸಿ ಅಲ್ವಾ" ಎಂದು ಪ್ರಿಂಟರಿನಿಂದ ಪಂಪ್‌ಸೆಟ್ಟಿನವರೆಗೆ ಎಲ್ಲವನ್ನೂ ನಮ್ಮ ತಲೆಗೇ ಕಟ್ಟುತ್ತಾರೆ. ನನ್ನ ತಲೆಗೆ ಬಂದದ್ದು ಫೋನು.

ನಾನಿರುವುದು ಕಾಸರಗೋಡಿನ ಕಡೆಯ ಒಂದು ಸಣ್ಣ ಆಸ್ಪತ್ರೆಯ ಆಫೀಸಿನಲ್ಲಿ. ಅಲ್ಲಿ ಹನ್ನೆರಡು ಎಕ್ಸ್‌ಟೆನ್ಶನ್‌ಗಳ ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆ ಇತ್ತು. ದೀಪಾವಳಿ ಹೊತ್ತಿನ ಸಿಡಿಲಿಗೆ ಅದರ ಕಾರ್ಡ್ ಸುಟ್ಟುಹೋಯಿತು. ಎರಡು ಕೊಟೇಶನ್ ಬಂದವು. ಒಂದು ಹೊಸ ಡಿಜಿಟಲ್ ಇಪಿಎಬಿಎಕ್ಸ್, ಇನ್ನೊಂದು ಇಂಟರ್ನೆಟ್ ಮೇಲೆ ನಡೆಯುವ ಐಪಿ ಫೋನು. ಯಾವುದು ಒಳ್ಳೆಯದು ಹೇಳು ಎಂದರು ಮ್ಯಾನೇಜರ್ ಸಿಸ್ಟರ್.

ಎರಡರಲ್ಲೂ ನಮ್ಮ ಸ್ವರ ಅಂಕಿಗಳಾಗಿಯೇ ಹೋಗುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಗೆ 8 ಬಿಟ್. ಒಟ್ಟು 64 ಕಿಲೋಬಿಟ್. ಡಿಜಿಟಲ್ ಪೆಟ್ಟಿಗೆಯಲ್ಲಿ ಆ ಅಂಕಿಗಳಿಗೆ ತಮ್ಮದೇ ದಾರಿ ಇರುತ್ತದೆ, ರೈಲು ಹಳಿಯ ಹಾಗೆ. ಐಪಿಯಲ್ಲಿ ಅವನ್ನು ಸಣ್ಣ ಪೊಟ್ಟಣ ಕಟ್ಟಿ ನಮ್ಮ ಹೈವೇಗೆ ಬಿಟ್ಟಂತೆ. ಲಾರಿ, ಬಸ್ಸು, ಬೈಕು ಎಲ್ಲದರ ನಡುವೆ ಹೋಗಬೇಕು. ಒಂದು ಕರೆಗೆ ಹೋಗಲು ಬರಲು ತಲಾ 90 ಕಿಲೋಬಿಟ್ ಇದ್ದರೆ ಸಾಕಾಗುವುದರಿಂದ ಸ್ಪೀಡಿನ ಚಿಂತೆ ಬೇಡ. ಚಿಂತೆ ತಡದ್ದು. ಸ್ವರ ಆ ಕಡೆ ಮುಟ್ಟಲು 150 ಮಿಲಿಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಇಬ್ಬರೂ ಒಟ್ಟಿಗೆ ಮಾತಾಡಲು ಶುರು ಮಾಡುತ್ತಾರೆ. ಲ್ಯಾಬಿನವರು ದೊಡ್ಡ ಸ್ಕ್ಯಾನ್ ಫೈಲ್ ಕಳಿಸುವಾಗ ಹೀಗಾಗಬಹುದು. ಆಂಬ್ಯುಲೆನ್ಸಿಗೆ ದಾರಿ ಬಿಟ್ಟ ಹಾಗೆ ಸ್ವರಕ್ಕೆ ಮೊದಲು ದಾರಿ ಬಿಡು ಎಂದು ರೂಟರಿಗೆ ಹೇಳಿಕೊಟ್ಟರೆ ಸರಿಹೋಗುತ್ತದೆ.

ಡಿಜಿಟಲ್ ಎಂದರೆ ಹಳತು ಎಂದು ಮೂಗು ಮುರಿಯಬೇಡಿ. ಸಿ-ಡಾಟ್ ಸಂಸ್ಥೆಯ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೂತದ್ದು ಕರ್ನಾಟಕದ ಕಿತ್ತೂರಿನಲ್ಲಿ, 1986ರಲ್ಲಿ. ಎಸಿ ಇಲ್ಲದೆ, ಸೆಕೆ ಧೂಳು ತಡೆದುಕೊಂಡು ನಡೆಯುವಂತೆ ಮಾಡಿದ್ದು. ಅಂಥ ಪೆಟ್ಟಿಗೆಗಳಿಂದಲೇ ನಮ್ಮ ಅಜ್ಜ ಅಜ್ಜಿಯಂದಿರ ಊರುಗಳಿಗೆ ಫೋನು ಬಂತು.

ನಮ್ಮಲ್ಲಿ ನಿಜವಾದ ಪ್ರಶ್ನೆ ಕರೆಂಟಿನದು. ಮಳೆಗಾಲದಲ್ಲಿ ಕರೆಂಟು ಹೋದರೂ ಲ್ಯಾಂಡ್‌ಲೈನ್ ನಡೆಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುವ ತನಕ ಅದು ನಿಜ. ಆದರೆ ನಡುವೆ ಇಪಿಎಬಿಎಕ್ಸ್ ಕೂತರೆ ಆ ಪೆಟ್ಟಿಗೆಗೂ ಕರೆಂಟು ಬೇಕು. ತಾಮ್ರ ತೆಗೆದು ಫೈಬರ್ ಹಾಕಿದರೆ ಮೋಡೆಮ್ಮಿಗೂ ಬೇಕು. ಹಾಗಾಗಿ ಯಾವುದನ್ನು ತಂದರೂ ಯುಪಿಎಸ್ ಖರ್ಚು ತಪ್ಪುವುದಿಲ್ಲ. ಐಪಿಯಲ್ಲಿ ಒಂದು ಅನುಕೂಲ ಇದೆ. ಅದಕ್ಕೆ ಸರಿಯಾದ ಸ್ವಿಚ್ ಹಾಕಿದರೆ ಮಾತು ಹೋಗುವ ಕೇಬಲ್ಲಿನಲ್ಲೇ ಫೋನಿಗೆ ಕರೆಂಟೂ ಹೋಗುತ್ತದೆ, ಹನ್ನೆರಡು ಫೋನಿಗೆ ಒಂದೇ ಯುಪಿಎಸ್ ಸಾಕು. ಫೈಬರ್ ಗಾಜಿನದ್ದಾದ್ದರಿಂದ ಹೊರಗಿನ ತಂತಿ ಹಿಡಿದು ಸಿಡಿಲು ಒಳಗೆ ಬರುವ ಭಯವೂ ಕಡಿಮೆ.

ಇಷ್ಟಾದಾಗ ನನ್ನ ಮನಸ್ಸು ಐಪಿ ಕಡೆ ವಾಲಿತ್ತು. ಆಮೇಲೆ ಕೊಟೇಶನಿನ ಎರಡನೇ ಪುಟ ಓದಿದೆ. "ಆಟೋ ಅಟೆಂಡೆಂಟ್ ಇರುವುದರಿಂದ ರಿಸೆಪ್ಶನಿಸ್ಟ್ ಸಂಬಳ ಉಳಿತಾಯ" ಎಂದು ಬರೆದಿತ್ತು. ಕನ್ನಡಕ್ಕೆ ಒಂದು ಒತ್ತಿ, ಮಲಯಾಳಕ್ಕೆ ಎರಡು ಒತ್ತಿ ಎನ್ನುವ ಸ್ವರ ಇದೆಯಲ್ಲ, ಅದು.

ನಮ್ಮ ಫೋನು ಎತ್ತುವ ಅಕ್ಕ ತುಳು, ಕೊಂಕಣಿ, ಕನ್ನಡ, ಮಲಯಾಳ, ಬ್ಯಾರಿ ಐದರಲ್ಲೂ ಮಾತಾಡುತ್ತಾರೆ. ಕರೆ ಮಾಡಿದವರ ಮೊದಲ ಶಬ್ದ ಕೇಳಿ ಭಾಷೆ ಬದಲಿಸುತ್ತಾರೆ. ಒಂದು ದಿನ ಪಕ್ಕದಲ್ಲಿ ಕೂತು ಲೆಕ್ಕ ಇಟ್ಟೆ. ಮಧ್ಯಾಹ್ನದೊಳಗೆ ಬಂದ 61 ಕರೆಗಳಲ್ಲಿ 40ಕ್ಕೂ ಹೆಚ್ಚು ಜನರಿಗೆ ಯಾವ ವಿಭಾಗ ಬೇಕೆಂದೇ ಗೊತ್ತಿರಲಿಲ್ಲ. "ಡಾಕ್ಟ್ರು ಉಂಡಾ?" ಎಂದು ಕೇಳುತ್ತಿದ್ದರು, ಅಷ್ಟೇ. ಎದೆನೋವು ಎಂದ ಒಬ್ಬರಿಗೆ ಅಕ್ಕ ಚೀಟಿ, ಟೋಕನ್ ಏನೂ ಹೇಳದೆ ನೇರ ಕ್ಯಾಶುವಾಲಿಟಿಗೆ ಬನ್ನಿ ಎಂದರು. ಅವರು ಯಾವ ಗುಂಡಿ ಒತ್ತಬೇಕಿತ್ತು?

ಆ ಲೆಕ್ಕದ ಕಾಗದವನ್ನೇ ಸಿಸ್ಟರ್ ಮುಂದೆ ಇಟ್ಟು ನನ್ನ ಅಭಿಪ್ರಾಯ ಹೇಳಿದೆ. ಐಪಿ ತರೋಣ, ಹಗಲಲ್ಲಿ ಅಕ್ಕನೇ ಎತ್ತಲಿ. ಅವರು ಊಟಕ್ಕೆ ಹೋದಾಗ, ರಾತ್ರಿ ಹೊತ್ತು, ಕರೆ ತಾನಾಗಿ ನರ್ಸಿಂಗ್ ಸ್ಟೇಶನ್ನಿಗೆ ಹೋಗಲಿ. ಉಳಿದಿರುವ ಒಂದು ತಾಮ್ರದ ಲೈನನ್ನು ಯಾವ ಪೆಟ್ಟಿಗೆಗೂ ಸೇರಿಸದೆ ಮಾಮೂಲಿ ಫೋನಿನ ಜೊತೆ ಕ್ಯಾಶುವಾಲಿಟಿಯಲ್ಲೇ ಇಡೋಣ. ಸಿಸ್ಟರ್ ಸಂಬಳದ ಸಾಲನ್ನು ಪೆನ್ನಿನಿಂದ ಹೊಡೆದು ಹಾಕಿ ಸಹಿ ಮಾಡಿದರು.

ನಿಮ್ಮ ಆಫೀಸಿನಲ್ಲೂ ಕೊಟೇಶನ್ ಬಂದಿದ್ದರೆ ಭಾನುವಾರ ಪೂಜೆ ಆದ ಮೇಲೆ ತನ್ನಿ, ಒಟ್ಟಿಗೆ ಓದುವ. ಎರಡನೇ ಪುಟವನ್ನೂ ತನ್ನಿ.