ಊರುಗೋಲನ್ನು ಕಳುಹಿಸಿದರೆ ಸಾಲದು



ಅರಸುಗಳ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಶೂನೇಮಿನ ತಾಯಿಯೊಬ್ಬಳ ಕಥೆಯಿದೆ. ಸುಗ್ಗಿಯ ಹೊಲಕ್ಕೆ ಹೋಗಿದ್ದ ಆಕೆಯ ಮಗ ತಲೆನೋವಿನಿಂದ ನರಳಿ, ಮಧ್ಯಾಹ್ನದವರೆಗೆ ತಾಯಿಯ ಮಡಿಲಲ್ಲಿದ್ದು ಪ್ರಾಣ ಬಿಡುತ್ತಾನೆ. ಪ್ರವಾದಿ ಎಲೀಷನು ಮೊದಲು ಸೇವಕನ ಕೈಯಲ್ಲಿ ತನ್ನ ಊರುಗೋಲನ್ನು ಕಳುಹಿಸುತ್ತಾನೆ. ಅದನ್ನು ಮುಖದ ಮೇಲಿಟ್ಟರೂ ಹುಡುಗ ಅಲುಗುವುದಿಲ್ಲ. ಬಳಿಕ ಪ್ರವಾದಿ ತಾನೇ ಬಂದು, ದೇವರನ್ನು ಪ್ರಾರ್ಥಿಸಿ, ಬಾಯಿಗೆ ಬಾಯಿ, ಕೈಗೆ ಕೈ ತಾಗಿಸಿ ಮಗುವಿನ ಮೇಲೆ ಬಾಗುತ್ತಾನೆ. ಮೈ ಬೆಚ್ಚಗಾಗುತ್ತದೆ, ಮಗು ಏಳು ಸಲ ಸೀನಿ ಕಣ್ತೆರೆಯುತ್ತದೆ. ಇದು ದೇವರ ಅದ್ಭುತ, ವೈದ್ಯಪಾಠವಲ್ಲ, ನಿಜ. ಆದರೂ ಪ್ರಾರ್ಥನೆಯೂ ಮೈಬಗ್ಗಿಸಿದ ಸೇವೆಯೂ ಇಲ್ಲಿ ಜೊತೆಜೊತೆಗೇ ಸಾಗುತ್ತವೆ ಎಂಬುದನ್ನು ಗಮನಿಸಿ.

ಸಂತಪುರ, ಔರಾದ್, ಭಾಲ್ಕಿಯ ಸುತ್ತಲಿನ ಹಳ್ಳಿಗಳಲ್ಲಿ ಬಾಳುವ ನಮಗೆ ಈ ಕಥೆ ಬಹಳ ಹತ್ತಿರದ್ದು. ದೊಡ್ಡ ಚಿಕಿತ್ಸೆಗೆ ಬೀದರಿಗೆ ಹೋಗಬೇಕು. ಅಲ್ಲಿಂದ ಕಲಬುರಗಿಯಾಗಲಿ ಹೈದರಾಬಾದಾಗಲಿ ನೂರು ಕಿಲೋಮೀಟರಿಗೂ ಹೆಚ್ಚು ದೂರ. 2008ರಿಂದ 108 ವಾಹನ ನಮ್ಮ ನಾಡಿನಲ್ಲಿ ಎಷ್ಟೋ ಜೀವಗಳನ್ನು ಉಳಿಸಿದೆ. ಆದರೆ ಹೃದಯ ನಿಂತ ಮೇಲೆ ನಾಲ್ಕರಿಂದ ಆರು ನಿಮಿಷಗಳಲ್ಲೇ ಮೆದುಳು ಸಾಯತೊಡಗುತ್ತದೆ. ಎಷ್ಟೇ ವೇಗದ ವಾಹನವಾದರೂ ಅಷ್ಟರೊಳಗೆ ಹಳ್ಳಿಯನ್ನು ತಲುಪೀತೇ? ಆ ನಿಮಿಷಗಳು ವೈದ್ಯರವಲ್ಲ, ನೆರೆಯವರವು.

ಒಬ್ಬರು ಥಟ್ಟನೆ ಕುಸಿದರೆ ನಾವು ಮುಖಕ್ಕೆ ನೀರು ಚಿಮುಕಿಸುತ್ತೇವೆ, ಉಳ್ಳಾಗಡ್ಡಿ ಮೂಸಿಸುತ್ತೇವೆ. ಅದರಲ್ಲೇ ಹೊತ್ತು ಕಳೆಯುತ್ತದೆ. ಕರೆದರೆ ಓಗೊಡದೆ, ಸಹಜವಾಗಿ ಉಸಿರಾಡದೆ ಇದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರು ಮಾತ್ರ ಎಳೆಯುತ್ತಿದ್ದರೆ, ಹೃದಯ ನಿಂತಿದೆಯೆಂದೇ ತಿಳಿಯಿರಿ. ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ರೋಗಿಯನ್ನು ಹೊರಸಿನಿಂದ ಗಟ್ಟಿ ನೆಲಕ್ಕಿಳಿಸಿ, ಎದೆಯ ನಡುಮೂಳೆಯ ಕೆಳಭಾಗದಲ್ಲಿ ಒಂದರ ಮೇಲೊಂದು ಅಂಗೈಯಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ಐದಾರು ಸೆಂಟಿಮೀಟರು ಇಳಿಯುವಂತೆ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲಿ. ದಣಿವಾದರೆ ಮತ್ತೊಬ್ಬರು ಮುಂದುವರಿಸಲಿ. 1960ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕೌವೆನ್‌ಹೋವನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು ಈ ವಿಧಾನವನ್ನು ಲೋಕಕ್ಕೆ ತಿಳಿಸಿದರು. ಇದಕ್ಕೆ ಬೇಕಾದುದು ಎರಡು ಕೈಗಳು, ಅಷ್ಟೇ.

ಹೃದಯಾಘಾತ ಬೇರೆ, ಹೃದಯ ನಿಲ್ಲುವುದು ಬೇರೆ. ಎದೆ ಬಿಗಿದು, ನೋವು ತೋಳಿಗೋ ದವಡೆಗೋ ಹರಿದು, ಬೆವರು ಸುರಿಯುತ್ತಿದ್ದರೂ ರೋಗಿ ಮಾತನಾಡುತ್ತಿರಬಹುದು. ಅದನ್ನು ಗ್ಯಾಸ್ ಎಂದು ಬಗೆದು ಬೆಳಗಿನ ತನಕ ಕಾಯಬೇಡಿ. ನಟ ಪುನೀತ್ ರಾಜಕುಮಾರ್ ಅವರ ಹೆಸರಿನಲ್ಲಿ 2023ರಲ್ಲಿ ಆರಂಭವಾದ ಹೃದಯಜ್ಯೋತಿ ಯೋಜನೆಯಿಂದಾಗಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಾಗಿದೆ.

ಇನ್ನು ನಾವು ಲಕ್ವಾ ಎನ್ನುವ ಪಾರ್ಶ್ವವಾಯು. ಮುಖ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಇದರ ಗುರುತು. ಎಣ್ಣೆ ತಿಕ್ಕುತ್ತಾ, ಪಾರಿವಾಳದ ರಕ್ತ ಹಚ್ಚುತ್ತಾ, ನಾಟಿ ಔಷಧದ ಊರನ್ನು ಹುಡುಕುತ್ತಾ ಇರುವಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತಿರುತ್ತವೆ. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು, ಮೆದುಳಿನಲ್ಲಿ ರಕ್ತ ಸೋರಿಲ್ಲವೆಂದು ಸಿ.ಟಿ. ಸ್ಕ್ಯಾನಿನಿಂದ ಖಚಿತವಾಗಬೇಕು. ಆದಕಾರಣ ಮನೆಯಲ್ಲಿ ಯಾವ ಮಾತ್ರೆಯನ್ನೂ ಕೊಡಬೇಡಿ. ನೀರು, ಹಾಲು ಕುಡಿಸಬೇಡಿ, ಅದು ಶ್ವಾಸನಾಳಕ್ಕೆ ಇಳಿಯಬಹುದು. ರೋಗಿ ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ನೆನಪಿಟ್ಟು ವೈದ್ಯರಿಗೆ ಹೇಳಿ.

ಉಸಿರು ನಿಲ್ಲುವ ಇನ್ನೊಂದು ದಾರಿ ನಮ್ಮ ಹೊಲಮನೆಗಳಲ್ಲೇ ಇದೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚಿದರೆ ನೋವು, ಬಾವು ಅಷ್ಟಾಗಿ ಕಾಣದು. ಮೆಲ್ಲಗೆ ರೆಪ್ಪೆ ಜೋಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಮಂತ್ರ ಹಾಕಿಸುತ್ತಾ ತಡಮಾಡದೆ, ಪ್ರತಿವಿಷವೂ ಕೃತಕ ಉಸಿರಾಟದ ಯಂತ್ರವೂ ಇರುವಲ್ಲಿಗೆ ಕರೆದೊಯ್ಯಿರಿ. ಅವು ಸಕಾಲಕ್ಕೆ ಸಿಕ್ಕಿದರೆ ಹೀಗೆ ಉಸಿರು ನಿಂತವರೂ ನಡೆದು ಮನೆಗೆ ಬರಬಲ್ಲರು.

"ಮುಟ್ಟಿದರೆ ಪೊಲೀಸರ ತಾಪತ್ರಯ" ಎಂಬ ಭಯ ಅಪಘಾತದ ಸ್ಥಳದಲ್ಲಿ ಅನೇಕರನ್ನು ಹಿಂದಕ್ಕೆಳೆಯುತ್ತದೆ. ಗಾಯಾಳುವಿಗೆ ನೆರವಾದವರನ್ನು ಪೀಡಿಸಬಾರದೆಂದು ಕರ್ನಾಟಕವು 2016ರಲ್ಲಿ ರೂಪಿಸಿದ ಕಾನೂನಿಗೆ 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು. ಯೇಸುಸ್ವಾಮಿ ಹೇಳಿದ ಸಾಮತಿಯ ಆ ದಯಾಳು ಸಮಾರಿತನ ಹೆಸರೇ ಆ ಕಾನೂನಿಗೂ ಇದೆ. ಅವನು ಮಾಡಿದ್ದನ್ನು ಸಾಲಾಗಿ ನೋಡಿ: ಹತ್ತಿರ ಬಂದ, ಗಾಯ ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿದ, ಛತ್ರಕ್ಕೆ ಸೇರಿಸಿದ, ಖರ್ಚು ಕೊಟ್ಟ. ಛತ್ರ ಮುಟ್ಟುವ ಮೊದಲೇ, ದಾರಿಯಲ್ಲೇ ಚಿಕಿತ್ಸೆ ಶುರುವಾಗಿತ್ತು.

ಒಂದು ಮಾತನ್ನು ಮರೆಮಾಚಬಾರದು. ಎಷ್ಟು ಸರಿಯಾಗಿ ಎದೆಯೊತ್ತಿದರೂ ಹೃದಯ ನಿಂತವರಲ್ಲಿ ಹೆಚ್ಚಿನವರು ಬದುಕುವುದಿಲ್ಲ. ಜೀವ ಕೊಡುವವನು ದೇವರು. ಆದರೆ ಯಾರೂ ಕೈ ಹಚ್ಚದೆ ಕಳೆದುಹೋಗುವ ಪ್ರತಿ ನಿಮಿಷವೂ ಇರುವ ಅಲ್ಪ ಅವಕಾಶವನ್ನು ಕಿತ್ತುಕೊಳ್ಳುತ್ತದೆ. ಕಷ್ಟದ ಹೊತ್ತಿನಲ್ಲಿ ಗುರುಗಳನ್ನು ಕರೆಸಿ ರೋಗಿಗಳ ಅಭ್ಯಂಗ ಕೊಡಿಸುವುದು ನಮ್ಮ ವಿಶ್ವಾಸದ ಕರ್ತವ್ಯ. ಗುರುಗಳು ಬರುವ ತನಕ ಎದೆಯೊತ್ತುತ್ತಿರುವುದೂ ಅದೇ ವಿಶ್ವಾಸದ ಕರ್ತವ್ಯವೇ.

ಮುಂದಿನ ಯಾವುದಾದರೂ ಭಾನುವಾರ ಬಲಿಪೂಜೆಯ ನಂತರ ನಿಮ್ಮ ಧರ್ಮಕೇಂದ್ರದಲ್ಲಿ ಒಬ್ಬ ವೈದ್ಯರನ್ನೋ ದಾದಿಯನ್ನೋ ಕರೆಸಿ ಅರ್ಧ ಗಂಟೆ ಇದನ್ನು ಕಲಿಯಿರಿ. ಯುವಜನರು ಕಲಿಯಲಿ, ತಾಯಂದಿರೂ ಕಲಿಯಲಿ, ಏಕೆಂದರೆ ಹಗಲು ಹೊತ್ತು ಮನೆಯಲ್ಲಿರುವವರು ಹೆಚ್ಚಾಗಿ ಅವರೇ. ನೆರೆಮನೆಯ ಬಾಗಿಲಲ್ಲಿ ಕೂಗು ಕೇಳಿದ ದಿನ ನಮ್ಮ ಕೈಗಳು ಸಿದ್ಧವಾಗಿರಲಿ.