ಏರಿ ಕಟ್ಟಿದವರ ಊರು

ಮಾಲ್‌ಬೋರ್ಕ್, ಪೋಲೆಂಡ್

ಪ್ರೀತಿಯ ಚಿಕ್ಕಪ್ಪ,

ಇಲ್ಲಿನ ಕೆಂಪು ಇಟ್ಟಿಗೆಯ ಕೋಟೆ ಹೇಗಿದೆ ಎಂದು ಫೋನಿನಲ್ಲಿ ಕೇಳಿದಿರಿ. ದೊಡ್ಡದಿದೆ, ಚೆನ್ನಾಗಿದೆ, ಜನವೋ ಜನ. ಅದರ ಚರಿತ್ರೆ ಹೇಳಲು ಬೇಕಾದಷ್ಟು ಪುಸ್ತಕಗಳಿವೆ, ಗೈಡುಗಳಿದ್ದಾರೆ. ಹೊಲ, ನೀರು, ಕಂದಾಯ ಎಂದರೆ ಕಿವಿ ನಿಮಿರುವ ನಿಮಗೆ ನಾನು ಬರೆಯಬೇಕೆಂದುಕೊಂಡದ್ದು ಬೇರೆಯದೇ. ಕೋಟೆಯೆದುರಿನ ನೊಗಾತ್ ನದಿಯನ್ನು ದಾಟಿ, ಸೈಕಲ್ ಹತ್ತಿ ಹೊರಟರೆ ಸ್ತೋಗಿ ಎಂಬ ಹಳ್ಳಿ ಸಿಗುತ್ತದೆ. 1945ರವರೆಗೆ ಅದರ ಹೆಸರು ಹಾಯ್‌ಬುಡೆನ್. ಊರು ಅದೇ, ನೆಲ ಅದೇ. ಹೆಸರೂ ಜನವೂ ಪೂರ್ತಿ ಬದಲಾಗಿವೆ.

ವಿಸ್ತುಲಾ ನದಿ ಬಾಲ್ಟಿಕ್ ಸಮುದ್ರ ಸೇರುವಲ್ಲಿ ಹರಡಿರುವ ಈ ಬಯಲಿಗೆ ಝುವಾವಿ ಎನ್ನುತ್ತಾರೆ. ಗುಡ್ಡವಿಲ್ಲ, ಬಂಡೆಯಿಲ್ಲ, ಕಣ್ಣು ಹಾಯುವಷ್ಟೂ ಕಪ್ಪು ಮಣ್ಣು. ಇದರ ಒಂದು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಎಲ್ಬ್ಲಾಂಗ್ ಪಟ್ಟಣದ ಬಳಿಯ ರಾಚ್ಕಿ ಎಂಬಲ್ಲಿ ನೆಲ 1.8 ಮೀಟರ್ ತಗ್ಗು. ನಿಮ್ಮ ಎಡದಂಡೆ ಕಾಲುವೆಯ ಕೊನೆಯಲ್ಲಿ ನೀರು ಬರಲಿಲ್ಲವೆಂದು ಜಗಳವಾದರೆ, ಇಲ್ಲಿ ಬಂದ ನೀರು ಹೋಗಲಿಲ್ಲವೆಂದು ಜಗಳ. ಹೊಲದ ನೀರು ಕಿರುಗಾಲುವೆಗೆ, ಅಲ್ಲಿಂದ ದೊಡ್ಡ ಕಾಲುವೆಗೆ, ಅಲ್ಲಿಂದ ಮೇಲೆತ್ತಿ ನದಿಗೆ. ನದಿ ಹೊಲಕ್ಕಿಂತ ಎತ್ತರದಲ್ಲಿ, ಎರಡು ಏರಿಗಳ ನಡುವೆ ಹರಿಯುತ್ತದೆ. ರಸ್ತೆಯಲ್ಲಿ ನಿಂತವರು ತಲೆ ಎತ್ತಿ ದೋಣಿಗಳನ್ನು ನೋಡಬೇಕು!

ಏರಿಗಳನ್ನು ಮೊದಲು ಕಟ್ಟಿಸಿದವರು ಕೋಟೆಯ ಒಡೆಯರಾದ ಟ್ಯೂಟಾನಿಕ್ ಯೋಧರು. ಆದರೆ ಯುದ್ಧಗಳ ಮೇಲೆ ಯುದ್ಧ, ನೆರೆಯ ಮೇಲೆ ನೆರೆ ಬಂದು ತಗ್ಗು ಪ್ರದೇಶವೆಲ್ಲ ಜವಳಾಗಿ ಜೊಂಡು ಬೆಳೆದು ನಿಂತಿತ್ತು. ಅಲ್ಲಿಗೆ ಬಂದವರೇ ಮೆನೊನೈಟರು.

ಇವರ ಕಥೆ ಶುರುವಾಗುವುದು ನೆದರ್ಲೆಂಡ್ಸಿನಲ್ಲಿ. ಮೆನೊ ಸೈಮನ್ಸ್ ಎಂಬ ಕ್ಯಾಥೊಲಿಕ್ ಪಾದ್ರಿ 1536ರಲ್ಲಿ ಪಾದ್ರಿತನ ಬಿಟ್ಟು, ಬುದ್ಧಿ ತಿಳಿದ ಮೇಲೆ ತಾನಾಗಿ ಬಯಸಿದವನಿಗಷ್ಟೇ ದೀಕ್ಷಾಸ್ನಾನ ಎನ್ನುವವರ ಜೊತೆ ಸೇರಿದ. ಕತ್ತಿ ಹಿಡಿಯುವುದಿಲ್ಲ, ಆಣೆ ಇಡುವುದಿಲ್ಲ, ರಾಜನ ಸೈನ್ಯಕ್ಕೆ ಸೇರುವುದಿಲ್ಲ ಎಂಬುದು ಅವರ ನಿಷ್ಠೆ. ಅಂದಿನ ದೊರೆಗಳಿಗೆ ಇದಕ್ಕಿಂತ ದೊಡ್ಡ ದ್ರೋಹ ಬೇರೆ ಕಾಣಲಿಲ್ಲ. ಸುಟ್ಟರು, ನೀರಿನಲ್ಲಿ ಮುಳುಗಿಸಿದರು. ಉಳಿದವರಲ್ಲಿ ಹಲವರು ಹಡಗು ಹತ್ತಿ ಗ್ದಾನ್‌ಸ್ಕ್ ಕಡೆ ಬಂದರು. ಅಂದಿನ ಪೋಲೆಂಡ್ ಕ್ಯಾಥೊಲಿಕ್ ರಾಜ್ಯವಾದರೂ ಧರ್ಮದ ವಿಷಯದಲ್ಲಿ ಯೂರೋಪಿನ ಬೇರೆ ರಾಜ್ಯಗಳಷ್ಟು ಬಿಗಿ ಹಿಡಿದಿರಲಿಲ್ಲ. ಜವಳು ನೆಲ ಕೈಯಲ್ಲಿಟ್ಟುಕೊಂಡಿದ್ದ ಜಮೀನುದಾರರಿಗೂ ನೀರಿನ ಕೆಲಸ ಬಲ್ಲ ಜನ ಬೇಕಿತ್ತು. 1562ರಲ್ಲಿ ಲೋಯಿಟ್ಸ್ ಎಂಬ ಲೇವಾದೇವಿ ಮನೆತನ ತನ್ನ ಪಾಲಿನ ಕೆಸರು ನೆಲಕ್ಕೆ ಇವರನ್ನು ಕರೆಸಿಕೊಂಡಿತು.

ಒಪ್ಪಂದದ ಬಗೆ ನಿಮಗೆ ಹಿಡಿಸುತ್ತದೆ. ಇವರು ಜೀತದಾಳುಗಳಲ್ಲ, ಗುತ್ತಿಗೆದಾರರು. ಮೂವತ್ತು, ನಲವತ್ತು ವರ್ಷಗಳ ದೀರ್ಘ ಗುತ್ತಿಗೆ; ನೆಲ ಒಣಗಿಸುವವರೆಗೆ ಮೊದಲ ಕೆಲವು ವರ್ಷ ಗೇಣಿಯಿಲ್ಲ; ಆಮೇಲೆ ಗೇಣಿ ಹಣದಲ್ಲಿ. ಬಿಟ್ಟಿ ಚಾಕರಿ ಇಲ್ಲ. ಗೇಣಿಗೆ ಊರಿಗೆ ಊರೇ ಹೊಣೆ, ಏರಿಗೂ ಊರೇ ಹೊಣೆ. ಉತ್ತರ ಸಮುದ್ರದ ಕರಾವಳಿಯ ಹಳೆಯ ಕಾನೂನು ಇವರ ರಕ್ತದಲ್ಲಿತ್ತು: ತನ್ನ ಪಾಲಿನ ಏರಿ ಕಟ್ಟದವನು ಹೊಲ ಬಿಟ್ಟು ಹೋಗಬೇಕು. ದಿಬ್ಬದ ಮೇಲೆ ಮನೆ ಕಟ್ಟಿದರು. ಮನೆ, ಕೊಟ್ಟಿಗೆ, ಕಣಜ ಒಂದೇ ಸೂರಿನಡಿ. ಕಾಲುವೆಯ ದಂಡೆಗೆ ವಿಲ್ಲೋ ಮರ ನೆಟ್ಟರು. ಅದರ ಬೇರು ಮಣ್ಣು ಹಿಡಿಯುತ್ತದೆ, ಕಡಿದ ಕೊಂಬೆ ಏರಿಯ ದುರಸ್ತಿಗೆ ಆಗುತ್ತದೆ. ಗಾಳಿಗಿರಣಿಗಳಿಂದ ನೀರೆತ್ತಿದರು. ಅವರಲ್ಲೊಬ್ಬ ಆಡಮ್ ವೀಬೆ ಎಂಬ ಎಂಜಿನಿಯರ್ 1644ರಲ್ಲಿ ಗ್ದಾನ್‌ಸ್ಕಿನಲ್ಲಿ ಕಂಬಗಳ ಮೇಲೆ ಹಗ್ಗ ಎಳೆದು, ಬುಟ್ಟಿಗಳಲ್ಲಿ ಗುಡ್ಡದ ಮಣ್ಣನ್ನು ಕೋಟೆಗೋಡೆಗೆ ಸಾಗಿಸಿದ. ಇಂದಿನ ರೋಪ್‌ವೇಗೆ ಅದೇ ಪೂರ್ವಜ. ಯುದ್ಧ ಬೇಡವೆನ್ನುವವನ ಕೈಯಲ್ಲೇ ಕೋಟೆ ಕಟ್ಟಿಸಿಕೊಂಡ ನಗರ ಅದು.

ಚಿಕ್ಕಪ್ಪ, ಈ ಊರುಗಳಲ್ಲಿ ಸುತ್ತುತ್ತ ನನಗೆ ಮನದಟ್ಟಾದದ್ದು ಇಷ್ಟು: ಇವರಿಗೆ ಸಿಕ್ಕ ಸಹನೆಗೆ ಯಾವಾಗಲೂ ಒಂದು ಬೆಲೆಚೀಟಿ ಅಂಟಿಕೊಂಡಿತ್ತು. 1642ರಲ್ಲಿ ಅರಮನೆಯ ಅಧಿಕಾರಿಯೊಬ್ಬ ಇವರಿಂದ ಹಣ ಸುಲಿದ ಮೇಲೆ, ಪೋಲೆಂಡಿನ ದೊರೆ ನಾಲ್ಕನೇ ವ್ವಾದಿಸ್ವಾಫ್ ಇವರಿಗೊಂದು ರಕ್ಷಣಾ ಪತ್ರ ಕೊಟ್ಟ. ಅದರಲ್ಲಿ ಇವರ ನಂಬಿಕೆಯ ಹೊಗಳಿಕೆ ಇಲ್ಲ. ಜವಳನ್ನು ಹೊಲ ಮಾಡಿದರು, ಏರಿ ಕಟ್ಟಿದರು ಎಂಬ ಮೆಚ್ಚುಗೆ ಇದೆ. ದುಡಿಮೆ ಬೇಕು, ದೇವರು ಬೇಡ. ಹಾಯ್‌ಬುಡೆನ್ನಿನವರು ತಲೆಮಾರುಗಟ್ಟಲೆ ಮನೆಗಳಲ್ಲಿ ಸೇರಿ ಪ್ರಾರ್ಥಿಸಿದರು. ಪ್ರಾರ್ಥನಾ ಮಂದಿರಕ್ಕೆ ಅಪ್ಪಣೆ ಸಿಕ್ಕಿದ್ದು 1768ರಲ್ಲಿ.

ನಾಲ್ಕೇ ವರ್ಷಕ್ಕೆ, 1772ರಲ್ಲಿ, ಪೋಲೆಂಡಿನ ಕೆಲವು ಭಾಗಗಳನ್ನು ನೆರೆಯ ಮೂವರು ದೊರೆಗಳು ಹಂಚಿಕೊಂಡರು. ಈ ಬಯಲು ಪ್ರಷ್ಯಾದ ಫ್ರೆಡರಿಕನ ಪಾಲಾಯಿತು. ಅವನಿಗೆ ಬೇಕಿದ್ದದ್ದು ಸೈನಿಕರು. ಸೈನ್ಯಕ್ಕೆ ಬರುವುದಿಲ್ಲವಾದರೆ ಹೆಲ್ಮ್‌ನೊದ ಸೈನಿಕ ಶಾಲೆಗೆ ವರ್ಷಕ್ಕೆ 5,000 ತಾಲೆರ್ ನಾಣ್ಯ ಕೊಡಿ ಎಂದ. ಕೊಟ್ಟರು. ಯುದ್ಧ ಪಾಪವೆನ್ನುವವರ ಹಣದಿಂದ ಯುದ್ಧ ಕಲಿಸಲಾಯಿತು. 1789ರಲ್ಲಿ ಅವನ ನಂತರದ ದೊರೆ ಇನ್ನೂ ಬಿಗಿ ಮಾಡಿದ: ಸೈನ್ಯಕ್ಕೆ ಆಳು ಕಳಿಸುವ ಹೊಣೆಯಿರುವ ಹೊಲಗಳನ್ನು ಇವರು ಹೊಸದಾಗಿ ಕೊಳ್ಳುವುದಕ್ಕೆ ಅಡ್ಡಿ ಹಾಕಿದ. ಜವಳು ಒಣಗಿತ್ತು, ಗೋಧಿ ಬೆಳೆಯುತ್ತಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಮಕ್ಕಳಿಗೆ ಹೊಲವಿಲ್ಲವೆಂದಾಗ ರಷ್ಯಾದ ರಾಣಿ ಕ್ಯಾಥರೀನ್ ಕರೆದಳು. 1788ರಿಂದಲೇ ಗಾಡಿಗಳು ಹೊರಟಿದ್ದವು; ಈಗಿನ ಉಕ್ರೇನಿನ ದ್ನೀಪರ್ ನದಿಯ ದಂಡೆಗೆ, ಆಮೇಲೆ ಅಲ್ಲಿಂದ ಆಚೆಯ ಮೊಲೊಚ್ನಾ ಬಯಲಿಗೆ. ಅಲ್ಲಿಯೂ ಸೈನ್ಯಸೇವೆಯ ವಿನಾಯಿತಿಗೆ ಸಂಚಕಾರ ಬಂದಾಗ 1870ರ ದಶಕದಲ್ಲಿ ಅನೇಕರು ಕೆನಡಾ, ಅಮೆರಿಕಕ್ಕೆ ಹೋದರು. ಈ ಬಯಲಿನಲ್ಲೇ ಉಳಿದಿದ್ದವರಿಗೂ ಕಡ್ಡಾಯ ಸೈನ್ಯಸೇವೆಯ ಕಾನೂನು 1867ರಲ್ಲಿ ತಟ್ಟಿತು. ಹಾಯ್‌ಬುಡೆನ್ನಿನ ಹಿರಿಯ ಗೆರ್‌ಹಾರ್ಡ್ ಪೆನ್ನರ್ ಒಪ್ಪದೆ, 1876ರಲ್ಲಿ ತನ್ನವರನ್ನು ಕಟ್ಟಿಕೊಂಡು ಅಮೆರಿಕದ ನೆಬ್ರಾಸ್ಕಾಗೆ ಹೊರಟ. ಈ ಬಯಲಿನಲ್ಲಿ ರೂಪುಗೊಂಡ ಅವರ ಜರ್ಮನ್ ಉಪಭಾಷೆಯನ್ನು ಇಂದಿಗೂ ಮೆಕ್ಸಿಕೊ, ಬೊಲಿವಿಯಾ, ಪರಾಗ್ವೆಗಳ ಹಳ್ಳಿಗಳಲ್ಲಿ ಆಡುತ್ತಾರೆ. ಅದು ಹುಟ್ಟಿದ ಊರುಗಳಲ್ಲಿ ಮಾತ್ರ ಕೇಳುವುದಿಲ್ಲ.

ಹೊರಟವರಲ್ಲಿ ಒಂದು ಎಳೆ ನಮ್ಮ ಕಡೆಗೂ ಬಂದಿದೆ. ರಷ್ಯಾದ ಮೆನೊನೈಟರಾದ ಅಬ್ರಹಾಮ್ ಫ್ರೀಸೆನ್ ದಂಪತಿ 1889ರಲ್ಲಿ ನಿಜಾಮರ ರಾಜ್ಯಕ್ಕೆ ಬಂದು, ಆಮೇಲೆ ನಲ್ಗೊಂಡದಲ್ಲಿ ಮಿಷನ್ ಶುರುಮಾಡಿದರು. ನಮ್ಮ ರಾಯಚೂರಿನ ಗಡಿಯಾಚೆಯ ಮೆಹಬೂಬ್‌ನಗರದ ಕಡೆ ‘ಎಂ.ಬಿ.’ ಎಂದು ಬೋರ್ಡ್ ಹಾಕಿಕೊಂಡ ಚರ್ಚು, ಆಸ್ಪತ್ರೆಗಳನ್ನು ನೀವು ನೋಡಿದ್ದೀರಿ. ಆ ‘ಎಂ.’ ಈ ಮೆನೊನೈಟರದೇ.

ಈ ಬಯಲಿನಲ್ಲೇ ಉಳಿದವರ ಕೊನೆಯ ಅಧ್ಯಾಯ ಕಹಿ. ತಲೆಮಾರು ಕಳೆದಂತೆ ಕತ್ತಿ ಬೇಡವೆಂಬ ನಿಷ್ಠೆ ಸವೆದು, ಜರ್ಮನ್ ಎಂಬ ಹೆಮ್ಮೆ ಬೆಳೆಯಿತು. ಹಿಟ್ಲರನ ಕಾಲದಲ್ಲಿ ಅವರ ಮಕ್ಕಳು ಸಮವಸ್ತ್ರ ತೊಟ್ಟರು. ಇದೇ ಬಯಲಿನ ಸಮುದ್ರದಂಚಿಗೆ 1939ರ ಸೆಪ್ಟೆಂಬರ್ 2ರಂದು ಷ್ಟುಟ್‌ಹೋಫ್ ಸೆರೆಶಿಬಿರ ಶುರುವಾಯಿತು. ಅಲ್ಲಿಗೆ ತಂದ ಸುಮಾರು 1,10,000 ಜನರಲ್ಲಿ ಸುಮಾರು 65,000 ಮಂದಿ ಸತ್ತರು. ಅಲ್ಲಿಯ ಕೈದಿಗಳನ್ನು ಸುತ್ತಲಿನ ಹೊಲಗಳಲ್ಲಿ ದುಡಿಸಿಕೊಂಡರು. ಆ ಹೊಲದೊಡೆಯರಲ್ಲಿ ಮೆನೊನೈಟರೂ ಇದ್ದರು. ಹಿಂಸೆಗೆ ಬೆದರಿ ಬಂದವರ ಮೊಮ್ಮಕ್ಕಳ ಈ ಸುದ್ದಿಯನ್ನು ಬಿಟ್ಟು ಬರೆದರೆ ಉಳಿದುದೆಲ್ಲ ಬರೀ ಭಜನೆಯಾದೀತು.

1945ರ ಚಳಿಗಾಲದಲ್ಲಿ ಸೋವಿಯತ್ ಸೈನ್ಯ ಬಂತು. ಮೆನೊನೈಟರು ಎದ್ದು ಪಶ್ಚಿಮಕ್ಕೆ ಓಡಿದರು. ಜರ್ಮನ್ ಸೈನ್ಯ ಹಿಮ್ಮೆಟ್ಟುತ್ತ ಏರಿಗಳನ್ನೇ ಸಿಡಿಸಿತು. ನೂರಾರು ವರ್ಷಗಳ ಕೆಲಸ ಮತ್ತೆ ನೀರಿನಡಿ. ಅದನ್ನು ಹೊರಹಾಕಲು ವರ್ಷಗಳೇ ಬೇಕಾದವು. ಆ ಕೆಸರಿಗೆ ಹೊಸಬರು ಬಂದರು: ಸೋವಿಯತ್ ಒಕ್ಕೂಟಕ್ಕೆ ಸೇರಿಹೋದ ಪೂರ್ವದ ಊರುಗಳನ್ನು ಕಳೆದುಕೊಂಡ ಪೋಲಿಷರು, ನಡುನಾಡಿನ ಬಡ ರೈತರು, 1947ರಲ್ಲಿ ಸರ್ಕಾರ ಬಲವಂತವಾಗಿ ಎತ್ತಿ ತಂದ ಉಕ್ರೇನಿಯನ್ನರು. ಯಾರದ್ದೂ ಸ್ವಂತ ಊರಲ್ಲ. ಏರಿ, ಪಂಪುಗಳ ಪಾಠವನ್ನು ಅವರು ಮೊದಲಿನಿಂದ ಕಲಿಯಬೇಕಾಯಿತು.

ಸ್ತೋಗಿಯಲ್ಲಿ ಉಳಿದಿರುವುದು ಸ್ಮಶಾನ. ಊರ ಹೊರಗೆ, ಹೊಲಗಳ ನಡುವೆ, ದೊಡ್ಡ ಮರಗಳ ಕೆಳಗೆ. ಈ ಬಯಲಿನ ದೊಡ್ಡ ಮೆನೊನೈಟ್ ಸ್ಮಶಾನಗಳಲ್ಲಿ ಇದೂ ಒಂದು. ಆಳೆತ್ತರದ ಕಲ್ಲುಗಳು, ಅವುಗಳ ಮೇಲೆ ಗಸಗಸೆ ಹೂ, ಚಿಟ್ಟೆ, ಮುರಿದ ಮರದ ಕೆತ್ತನೆ. ವೀಬೆ, ಪೆನ್ನರ್, ಕ್ಲಾಸೆನ್, ಡಿಕ್ ಎಂಬ ಹೆಸರುಗಳು. ಕಮ್ಯುನಿಸ್ಟ್ ಕಾಲದಲ್ಲಿ ಇಂಥ ಸ್ಮಶಾನಗಳು ಮುಳ್ಳುಕಂಟಿ ಬೆಳೆದು ಹಾಳುಬಿದ್ದಿದ್ದವು. 1990ರ ಈಚೆ ಸ್ಥಳೀಯರು, ಹಾಲೆಂಡಿನಿಂದ, ಅಮೆರಿಕದಿಂದ ಬಂದವರೊಡನೆ ಸೇರಿ ಕಂಟಿ ಕಡಿದು, ಬಿದ್ದ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ನೊವಿ ದ್ವೂರ್ ಪಟ್ಟಣದ ಮ್ಯೂಸಿಯಂ ಮೆನೊನೈಟರ ಮತ್ತು ಯುದ್ಧದ ನಂತರ ಬಂದ ಹೊಸಬರ ಸಾಮಾನುಗಳನ್ನು ಒಂದೇ ಸೂರಿನಡಿ ಇಟ್ಟಿದೆ. ತಮ್ಮ ಅಜ್ಜಂದಿರ ಗೋರಿಗಳನ್ನು ಪರದೇಶದಲ್ಲಿ ಬಿಟ್ಟು ಬಂದವರು ಪರರ ಅಜ್ಜಂದಿರ ಗೋರಿ ನೋಡಿಕೊಳ್ಳುವುದು ಭಾವುಕತೆಯಷ್ಟೇ ಅಲ್ಲ. ಈ ಊರಿಗೆ ಚರಿತ್ರೆ ಬೇಕಾದರೆ ಅದು ಇದೇ ಎಂದು ಒಪ್ಪಿಕೊಂಡಂತೆ.

ನಮ್ಮಲ್ಲಿ ‘ನೆಲ ಯಾರದು’ ಎಂಬ ಮಾತು ಬಂದರೆ ಎಲ್ಲರೂ ಪಹಣಿ ತೆಗೆಯುತ್ತಾರೆ. ಇಲ್ಲಿ ಪಹಣಿಯ ಹೆಸರು ಎಷ್ಟು ಸಲ ಬದಲಾದರೂ ನೀರು ಎತ್ತುವ ಕೆಲಸ ಬದಲಾಗಿಲ್ಲ. ಪಂಪು ನಿಂತರೆ ಹೊಲ ಮತ್ತೆ ಜವಳು. ಹಾಗಾಗಿ ಇಂದಿಗೂ ರೈತರು ನೀರಿನ ಸಂಘಕ್ಕೆ ವಂತಿಗೆ ಕಟ್ಟುತ್ತಾರೆ, ಕಾಲುವೆ ಹೂಳು ತೆಗೆಸುತ್ತಾರೆ. ನಿಮ್ಮ ನೀರು ಬಳಕೆದಾರರ ಸಂಘದ ಮುಂದಿನ ಸಭೆಯಲ್ಲಿ, ಏರಿ ಕಟ್ಟದವನು ಹೊಲ ಬಿಡಬೇಕೆಂಬ ಕಾನೂನನ್ನು ಒಮ್ಮೆ ಓದಿ ಹೇಳಿ. ಎಷ್ಟು ಜನ ಎದ್ದು ಹೋಗುತ್ತಾರೆ, ಎಷ್ಟು ಜನ ಸಲಿಕೆ ತರುತ್ತಾರೆ ಎಂಬುದನ್ನು ನನಗೆ ಬರೆಯಿರಿ. ಚಿಕ್ಕಮ್ಮನಿಗೆ ನಮಸ್ಕಾರ.

ನಿಮ್ಮ ಮಗಳ ಸಮಾನಳಾದ,
ಸುಮಾ